ಕರಾಚಿಯಲ್ಲಿ ಸಾವ್ಕಾರರ ಒಂದು ಸಂಜೆ

ಬೀದರ ಕೋಟೆಯೊಳಗೆ ಬಿಸಿಲೂ ಮಳೆಯೂ ಕಾಣದ ಒಂದು ಹಳೆಯ ಕೋಣೆಯಿತ್ತು. ಅದರ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಚಿಟಿಕೆ ಮಣ್ಣನ್ನು ನಾಲಿಗೆಯ ತುದಿಗಿಟ್ಟುಕೊಂಡು, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಚಾವಣಿ ನೋಡುತ್ತ ನಮ್ಮ ಸಾವ್ಕಾರರು ಸ್ವಲ್ಪ ಹೊತ್ತು ಅಲ್ಲಾಡದೆ ಇರುತ್ತಿದ್ದರು. ಮಣ್ಣು ಸರಿಯಿದ್ದರೆ ನುಂಗಿಬಿಡುವರು. ಇಲ್ಲದಿದ್ದರೆ ಥೂ ಎಂದು ಉಗುಳಿ ಇನ್ನೊಂದು ಮೂಲೆಗೆ ಸರಿಯುವರು. ಆರಡಿ ಎತ್ತರದ ಆಳು. ಕರಿ ಟೊಪ್ಪಿಗೆ, ಬಿಳಿ ಧೋತರ, ಮೊಣಕಾಲಿನವರೆಗೆ ಬರುವ ಕೋಟು. ಪೇಟೆಯಲ್ಲಿ ನಡೆದರೆ ಅಂಗಡಿಯವರು ಎದ್ದು ನಮಸ್ಕಾರ ಮಾಡುತ್ತಿದ್ದರು. ಅಂಥವರು ಮಣ್ಣು ತಿನ್ನುವುದನ್ನು ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ.

"ನಗ್ತಿ ಏನೋ ತಮ್ಮಾ? ಬಾ, ನೀನೂ ನೆಕ್ಕಿ ನೋಡು," ಎಂದರು.

ನೆಕ್ಕಿದೆ. ಉಪ್ಪುಪ್ಪಾಗಿ, ಸ್ವಲ್ಪ ಒಗರಾಗಿತ್ತು.

"ಈ ಮಣ್ಣ ಇಲ್ದಿದ್ರ ಬೀದ್ರಿ ಸಾಮಾನಿಗಿ ಕರಿ ಬಣ್ಣ ಹತ್ತೂದಿಲ್ಲ. ಬೆಳ್ಳಿ ತಾರ ಎಷ್ಟ ಕೂಡಿಸಿದ್ರೂ ಬೆಳ್ಳಗನ ಉಳೀತದ, ಹೂವು ಕಾಣೂದಿಲ್ಲ. ಯಾವ ಮಣ್ಣ ಹತ್ತತದ, ಯಾವುದು ಹತ್ತೂದಿಲ್ಲ, ಇದು ನಾಲಿಗಿಗಷ್ಟೇ ಗೊತ್ತು."

"ನಿಮಗ ಯಾರು ಕಲಿಸಿದ್ರಿ?"

"ನಮ್ಮ ಉಸ್ತಾದ್," ಎಂದು ಕೈ ಜಾಡಿಸಿ ಎದ್ದರು. ಆ ಉಸ್ತಾದ್ ಯಾರು, ಈಗ ಎಲ್ಲಿದ್ದಾರೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ನಾನು ಭಾಲ್ಕಿಯವನು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಸಾಲೆಯಲ್ಲಿ ಉರ್ದು, ಹೀಗೆ ನಿಜಾಮರ ಕಾಲದಲ್ಲಿ ಬೆಳೆದು ಮೆಟ್ರಿಕ್‌ಗಾಗಿ ಇಂಗ್ಲಿಷನ್ನೂ ಕಷ್ಟಪಟ್ಟು ಕಲಿತಿದ್ದೆ. ಪೊಲೀಸ್ ಆ್ಯಕ್ಷನ್‌ಗೆ ಮುಂಚೆ, ಎಂದರೆ ೧೯೪೮ರಲ್ಲಿ ಭಾರತದ ಸೈನ್ಯ ಬಂದು ನಿಜಾಮರ ಆಳ್ವಿಕೆ ಮುಗಿಸುವ ಮುನ್ನ, ಅವರ ಕಡೆಯ ರಜಾಕಾರರ ಹಾವಳಿಯಲ್ಲಿ ನಮ್ಮ ತಂದೆಯ ಕಿರಾಣಿ ಅಂಗಡಿ ಸುಟ್ಟುಹೋಯಿತು. ಸಂಸ್ಥಾನದ ಗಡಿ ದಾಟಿ ಸೊಲ್ಲಾಪುರದ ಕಡೆ ತಗಡಿನ ಚಪ್ಪರದ ಕೆಳಗೆ ತಿಂಗಳುಗಟ್ಟಲೆ ಕಳೆದೆವು. ತಿರುಗಿ ಬಂದ ಮೇಲೂ ಅಪ್ಪ ಆ ಅಂಗಡಿಯಿದ್ದ ಜಾಗದ ಮುಂದೆ ಹಾಯುತ್ತಿರಲಿಲ್ಲ. ಬಸವಣ್ಣನ ಗುಡಿಗೆ ಹೋಗುವುದಿದ್ದರೂ ಹಿಂದಿನ ಓಣಿಯಿಂದ ಸುತ್ತು ಹಾಕಿ ಹೋಗುತ್ತಿದ್ದರು. ಅಂಗಡಿ ಸುಟ್ಟವರ ಮುಖ ನಾನು ಕಂಡಿರಲಿಲ್ಲ. ಕಂಡಿರದ ಕಾರಣಕ್ಕೇ ಏನೋ, ಆ ಸಿಟ್ಟು ಸಿಕ್ಕಸಿಕ್ಕವರ ಮೇಲೆಲ್ಲ ಹರಡಿಕೊಂಡಿತ್ತು.

ಸಾವ್ಕಾರರದು ಬೀದ್ರಿ ಸಾಮಾನಿನ, ಎಂದರೆ ಕರಿ ಲೋಹದೊಳಗೆ ಬೆಳ್ಳಿ ತಂತಿಯ ಹೂವು ಕೂಡಿಸಿದ ಪಾತ್ರೆಗಳ ಅಂಗಡಿ. ಅಲ್ಲಿಗೆ ನಾನು ಸೇರಿದ್ದು ಇಂಗ್ಲಿಷ್ ಕಾಗದ ಬರೆಯುವುದಕ್ಕೆ. ಮುಂದೆ ಅಂಗಡಿ, ಹಿಂದೆ ಕಾರಖಾನೆ, ಪಕ್ಕದಲ್ಲೇ ಅವರ ಮನೆ. ಮುಂಬಯಿ, ಮದ್ರಾಸಿನ ದೊಡ್ಡ ಅಂಗಡಿಗಳಿಂದ ಹೂದಾನಿ, ಪಾನದಾನಿ, ಸಿಗರೇಟಿನ ಡಬ್ಬಿಗಳಿಗೆ ಬೇಡಿಕೆ ಬರುತ್ತಿತ್ತು. ಅವರು ಹೇಳುತ್ತಿದ್ದ ಉತ್ತರವನ್ನು ನಾನು ಇಂಗ್ಲಿಷಿಗೆ ತಿರುಗಿಸುವೆ. ಬರೆದು ಮುಗಿಸಿದ್ದನ್ನು ಓದಿಸಿ ಕೇಳುವರು. ಒಂದಕ್ಷರ ತಿಳಿಯದಿದ್ದರೂ, "ಇಲ್ಲಿ ದನಿ ಸ್ವಲ್ಪ ಬಿರುಸಾತು ನೋಡು, ಮೆತ್ತಗ ಮಾಡು," ಎನ್ನುವರು. ಆಶ್ಚರ್ಯವೆಂದರೆ ನಿಜಕ್ಕೂ ಅಲ್ಲಿ ಬಿರುಸಾಗಿಯೇ ಬರೆದಿರುತ್ತಿದ್ದೆ.

ಮಧ್ಯಾಹ್ನದ ಊಟ ಅವರ ಮನೆಯಲ್ಲೇ, ಅವರ ನಾಲ್ಕು ಮಕ್ಕಳ ಪಂಕ್ತಿಯಲ್ಲಿ. ಸಾವ್ಕಾರರ ಹೆಂಡತಿಯನ್ನು ನಾವೆಲ್ಲ ಅವ್ವಾರು ಎನ್ನುತ್ತಿದ್ದೆವು. ಔರಾದದ ಕಡೆಯ ಹೆಣ್ಣುಮಗಳು. ಮಾತು ಕಡಿಮೆ, ಮುಖದಲ್ಲಿ ನಗೆ ಇನ್ನೂ ಕಡಿಮೆ. ಆದರೆ ತಾಟಿನಲ್ಲಿ ರೊಟ್ಟಿ ಮುಗಿಯುವ ಮುಂಚೆ ಇನ್ನೊಂದು ಬಂದು ಬೀಳುತ್ತಿತ್ತು.

ಸಾವ್ಕಾರರಿಗೆ ಸಂಜೆಯೆಂದರೆ ಬಲು ಪ್ರೀತಿ. ದೀಪ ಹಚ್ಚುವ ಮೊದಲೇ ಅಂಗಡಿ ಮುಚ್ಚಿಸಿಬಿಡುವರು. ಒಂದು ದಿನ ಕಾರಖಾನೆಯವರ ನಡುವೆ ಕುಳಿತು ತಾವೂ ತಾರ ಕೂಡಿಸಲು ನೋಡಿ ಕೆಡಿಸುವರು. ಇನ್ನೊಂದು ದಿನ ಪಾಪನಾಶದ ಗುಡಿಯ ಕಡೆ ನಡೆದುಹೋಗಿ ದಾರಿಯಲ್ಲಿ ಸಿಕ್ಕ ಕುರಿಯವರೊಡನೆ ಉಣ್ಣೆ, ಮಳೆ, ತೋಳ ಎಂದು ತಾಸುಗಟ್ಟಲೆ ಮಾತಾಡುವರು. ನಾನು ಸುಮ್ಮನೆ ಕಟ್ಟೆಯ ಮೇಲೆ ಕೂತದ್ದು ಕಂಡರೆ, "ಏ ತಮ್ಮಾ, ಸಂಜಿ ಖಾಲಿ ಅದಂದ್ರ ಅದನ್ನ ಖಾಲಿ ಬಿಡಬ್ಯಾಡ. ಯಾರಿಗರ ಭೆಟ್ಟಿ ಆಗಿ ಬಾ. ಯಾರೂ ಇಲ್ಲಂದ್ರ ನಮ್ಮ ಎತ್ತಿಗರ ಭೆಟ್ಟಿ ಆಗು," ಎನ್ನುವರು. ಗುರುವಾರ ಸಂಜೆ ಮಾತ್ರ ಯಾರನ್ನೂ ಜೊತೆಗೆ ಕರೆಯುತ್ತಿರಲಿಲ್ಲ. ಒಬ್ಬರೇ ತಂಬಿಗೆ ಹಿಡಿದು ಊರ ಹೊರಗೆ ಹೋಗಿ, ಕತ್ತಲಾಗುವುದರೊಳಗೆ ಬರುವರು. ಯಾವುದೋ ಹರಕೆ ಇರಬೇಕೆಂದು ನಾವು ತಿಳಿದಿದ್ದೆವು.

ಪೊಲೀಸ್ ಆ್ಯಕ್ಷನ್ ಆಗಿ ಆರನೆಯ ವರ್ಷವಿರಬೇಕು, ಕರಾಚಿಯ ಒಂದು ಅಂಗಡಿಯಿಂದ ಕಾಗದ ಬಂತು. ಆಗ ಅದು ಪಾಕಿಸ್ತಾನದ ರಾಜಧಾನಿ. ಬೇರೆ ಬೇರೆ ದೇಶದ ರಾಯಭಾರಿಗಳೂ ಅವರ ಹೆಂಡಂದಿರೂ ಬೀದ್ರಿ ಸಾಮಾನು ಕೇಳುತ್ತಾರೆ, ಮಾದರಿಗಳನ್ನು ತಂದು ತೋರಿಸಿದರೆ ದೊಡ್ಡ ಬೇಡಿಕೆ ಕೊಡಬಹುದು ಎಂದು ಮಾಲಕರು ಬರೆದಿದ್ದರು. ನಾನು ಓದಿ ಹೇಳಿದೆ. ಸಾವ್ಕಾರರು ಎಂದಿನಂತೆ ದರ, ದಿನ ಕೇಳಲಿಲ್ಲ. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಕರಾಚಿ ಅಂತ ಬರದಾರೇನು? ಛಂದಂಗ ನೋಡು," ಎಂದರು.

"ಕರಾಚೀನೇ ಅದರಿ."

"ಹೋಗಾಮಿ. ನೀನೂ ಬಾ."

ಪಾಸ್‌ಪೋರ್ಟ್, ವೀಸಾ ಎಂದು ತಿಂಗಳುಗಟ್ಟಲೆ ಓಡಾಡಿದೆ. ಹೊರಡುವ ಹಿಂದಿನ ದಿನ ನೋಡಿದರೆ ಮಾದರಿಗಳ ಪೆಟ್ಟಿಗೆಯ ಜೊತೆಗೆ ಬಟ್ಟೆ ಹೊಲಿದು ಮುಚ್ಚಿದ ಒಂದು ತಗಡಿನ ಡಬ್ಬಿ, ಒಂದು ಚರ್ಮದ ಗಂಟು. ಡಬ್ಬಿಯ ಬಟ್ಟೆಯನ್ನು ಅವ್ವಾರು ತಾವೇ ದಬ್ಬಣದಿಂದ ಹೊಲಿಯುತ್ತಿದ್ದರು. ಎತ್ತಿ ನೋಡಿದೆ, ಕಲ್ಲಿನಂತೆ ಭಾರ. "ಏನದರಿ ಇದು?" ಎಂದೆ. ಅವ್ವಾರು ಹಲ್ಲಿನಿಂದ ದಾರ ಕಡಿದರು.

ಮುಂಬಯಿಯಿಂದ ಹಡಗು. ಭಾಲ್ಕಿಯ ಹುಡುಗನಿಗೆ ಸಮುದ್ರವೆಂಬುದೇ ಹೊಸದು. ಮೊದಲ ದಿನವೆಲ್ಲ ವಾಂತಿ ಮಾಡಿಕೊಂಡೆ. ಸಾವ್ಕಾರರು ಗಟ್ಟಿಯಾಗಿದ್ದರು. ಮನೆಯ ಹೊರಗೆ ನೀರು ಬಿಟ್ಟರೆ ಏನನ್ನೂ ಮುಟ್ಟದ ಲಿಂಗವಂತರು. ಅವ್ವಾರು ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಮೇಲೆಯೇ ಇದ್ದರು. ಕರಾಚಿ ಬಂದರದಲ್ಲಿ ಕಸ್ಟಮ್ಸಿನ ಅಧಿಕಾರಿ ಡಬ್ಬಿಯ ಹೊಲಿಗೆ ಬಿಚ್ಚಿಸಿದ. ಒಳಗೆ ಬರೀ ಮಣ್ಣು! ನಾನು ಬೆಪ್ಪಾಗಿ ನಿಂತೆ. ಏನಿದು ಎಂದು ಆತ ಗದರಿಸಿದ. ಸಾವ್ಕಾರರು ಉರ್ದುವಿನಲ್ಲಿ, "ಮಿಟ್ಟಿ ಹೈ ಸಾಹೇಬ್," ಎಂದು ಚಿಟಿಕೆ ತೆಗೆದು ನಾಲಿಗೆಗಿಟ್ಟು ನುಂಗಿ ತೋರಿಸಿದರು. ಬೀದ್ರಿ ಸಾಮಾನಿಗೆ ಬಣ್ಣ ಹಚ್ಚುವುದಕ್ಕೆ ಬೇಕು ಎಂದರು. ಆತ ಪೆಟ್ಟಿಗೆಯಲ್ಲಿದ್ದ ಕರಿ ಹೂದಾನಿಯನ್ನೂ ಆ ಮಣ್ಣನ್ನೂ ನಾಲ್ಕು ಸಲ ನೋಡಿ, ತಲೆ ಅಲ್ಲಾಡಿಸಿ, ಬಿಟ್ಟುಕೊಟ್ಟ.

ಮೂರು ದಿನ ಕೆಲಸವಿತ್ತು. ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸುವುದು, ಮಾದರಿ ತೋರಿಸುವುದು, ಮಾತುಕತೆ. ಮೂರನೆಯ ದಿನ ಮಧ್ಯಾಹ್ನಕ್ಕೆ ಎಲ್ಲ ಕುದುರಿತು. ನಮ್ಮ ಕಾರಖಾನೆ ಹಿಂದೆಂದೂ ಕಾಣದಷ್ಟು ದೊಡ್ಡ ಬೇಡಿಕೆ ಬರೆದುಕೊಟ್ಟರು. ಹಡಗು ಮರುದಿನ ಬೆಳಿಗ್ಗೆ. ಆ ಸಂಜೆ ಪೂರ್ತಿ ನಮ್ಮದು. ಅಂಗಡಿಯ ಮಾಲಕರು ಖುಷಿಯಿಂದ, "ನನ್ನ ಮೋಟಾರು ಕೊಡುತ್ತೇನೆ, ಸಮುದ್ರದಂಡೆಗೆ ಹೋಗಿ ಗಾಳಿ ಸೇವಿಸಿ ಬನ್ನಿ, ಒಂಟೆ ಹತ್ತಿ, ಆಮೇಲೆ ಪೇಟೆ ನೋಡಿ," ಎಂದರು. ನಾನಾಗಲೇ ಮನಸ್ಸಿನಲ್ಲಿ ಒಂಟೆ ಹತ್ತಿಯಾಗಿತ್ತು. ತಂಗಿಗೆ ಬಳೆ, ಅಪ್ಪನಿಗೆ ಕಂಬಳಿಯಂಥ ಒಂದು ಶಾಲು ಎಂದು ಲೆಕ್ಕ ಹಾಕಿದ್ದೆ. ಪರದೇಶದಲ್ಲಿ ಇಂಥ ಸಂಜೆ ಜನ್ಮದಲ್ಲಿ ಇನ್ನೊಮ್ಮೆ ಸಿಗುವುದಿತ್ತೆ?

ಸಾವ್ಕಾರರು ಕೈ ಮುಗಿದು ಮೋಟಾರು ಬೇಡವೆಂದರು. ಹೊರಗೆ ಬಂದು, "ನೀ ಹೋಗಿ ನೋಡ್ಕೊಂಡು ಬಾ ತಮ್ಮಾ. ನಂದೊಂದು ಕೆಲಸ ಅದ," ಎಂದರು. ಆದರೆ ನಾವು ತಂಗಿದ್ದ ಮನೆಯಲ್ಲಿ ಆ ಡಬ್ಬಿಯನ್ನು ಎತ್ತಿಕೊಂಡು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ದಮ್ಮು ಹತ್ತಿ ಕೂತುಬಿಟ್ಟರು. ಅವರಿಗೆ ಹಿಂದಿನಿಂದಲೂ ದಮ್ಮಿನ ಬೇನೆಯಿತ್ತು. ಬಿಟ್ಟು ಹೋಗುವುದು ಹೇಗೆ? ಡಬ್ಬಿಯನ್ನು ನಾನೇ ಹೆಗಲಿಗೇರಿಸಿಕೊಂಡೆ. ಮುಖ ಗಂಟಿಕ್ಕಿಕೊಂಡೇ ಟ್ರಾಮ್ ಹತ್ತಿದೆ.

"ಎಲ್ಲಿಗಿ ಹೊಂಟೀವ್ರಿ?"

"ಉಸ್ತಾದನ ಮನಿಗಿ."

ಅವರ ಕೋಟಿನ ಒಳಜೇಬಿನಲ್ಲಿ ಉರ್ದುವಿನಲ್ಲಿ ವಿಳಾಸ ಬರೆದ ಒಂದು ಚೀಟಿಯಿತ್ತು. ಬೀದರಿನಲ್ಲಿದ್ದ ಉಸ್ತಾದರ ಭಾವಮೈದುನನಿಂದ ಎರಡು ವರ್ಷದ ಹಿಂದೆಯೇ ಬರೆಸಿಕೊಂಡದ್ದಂತೆ. ಟ್ರಾಮಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, ನನ್ನ ಕಡೆ ಒಮ್ಮೆಯೂ ನೋಡದೆ ಅವರು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ.

"ಅವ ನಮ್ಮ ಕಾರಖಾನ್ಯಾಗ ಇಪ್ಪತ್ತು ವರ್ಷ ಕೂತವ. ಅವನ ತಾಯಿ ನಂಗ ಬೇಟಾ ಅಂತಿದ್ಳು. ಪೊಲೀಸ್ ಆ್ಯಕ್ಷನ್ ಆಗಿ ಆರೇಳು ದಿನ ಆಗಿತ್ತು. ರಜಾಕಾರರ ಮ್ಯಾಲಿನ ಸಿಟ್ಟು ಊರಾಗ ಎಲ್ಲಾ ಮುಸಲ್ಮಾನರ ಮ್ಯಾಲ ಹೊಂಟಿತ್ತು, ನಿಂಗ ಗೊತ್ತದ. ಒಂದಿನ ಮಟಮಟ ಮಧ್ಯಾಹ್ನದಾಗ ಬಂದು ನಮ್ಮ ಬಾಗಲಾ ಬಡದ. ಅವ, ಹೆಂಡ್ತಿ, ಆ ಮುದುಕಿ. ಸಾವ್ಕಾರ್, ಸಾವ್ಕಾರ್ ಅಂತ ಕೂಗ್ದ. ಕೊಡ್ಲಿ ಹಿಡ್ಕೊಂಡ ಮಂದಿ ಅದೇ ಓಣಿ ತುದ್ಯಾಗ ಇದ್ರು. ನಾ ಬಾಗಲದ ಹಿಂದ ನಿಂತಿದ್ದೆ. ಸಂದ್ಯಾಗಿಂದ ಅವನ ಕಣ್ಣ ಕಾಣ್ತಿತ್ತು."

ವಿಳಾಸದ ಚೀಟಿಯನ್ನು ಮಡಿಸಿ ಮತ್ತೆ ಒಳಜೇಬಿಗೆ ಇಟ್ಟರು.

"ನಾ ಬಾಗಲಾ ತೆಗೀಲಿಲ್ಲ, ತಮ್ಮಾ."

ಉಸ್ತಾದರ ಮನೆಯವರು ಓಡಿ ಊರ ಹೊರಗಿನ ಒಂದು ದರ್ಗಾ ಸೇರಿದರಂತೆ. ಮೂರನೆಯ ದಿನ ಮುದುಕಿ ಅಲ್ಲೇ ತೀರಿಕೊಂಡಳಂತೆ. ಮುಂದೆ ಯಾರದೋ ಜೊತೆ ಹೈದರಾಬಾದು, ಮುಂಬಯಿ, ಅಲ್ಲಿಂದ ಕರಾಚಿ.

ನನ್ನೊಳಗೆ ಮರುಕ ಹುಟ್ಟಬೇಕಿತ್ತು. ಹುಟ್ಟಲಿಲ್ಲ. "ನಮ್ಮಪ್ಪನ ಅಂಗಡಿ ಸುಟ್ಟಾಗ ನಮ್ಮ ಮನಿಗಿ ಯಾರೂ ಮಾಫಿ ಕೇಳ್ಲಿಕ್ಕಿ ಬರ್ಲಿಲ್ರಿ," ಎಂದೆ. ಡಬ್ಬಿಯ ಭಾರಕ್ಕೆ ಹೆಗಲೂ ನೋಯುತ್ತಿತ್ತು.

ಅವರು ಸಿಟ್ಟಾಗಲಿಲ್ಲ. "ಬರಬೇಕಿತ್ತು," ಎಂದರು. "ಖರೇನ ಬರಬೇಕಿತ್ತು. ಆದ್ರ ನಿಮ್ಮಪ್ಪನ ಅಂಗಡಿ ಸುಟ್ಟವ ಇವ ಅಲ್ಲ. ಆ ದಿನ ಇವ ನಮ್ಮ ಕಾರಖಾನ್ಯಾಗ ಕೂತು ಒಂದು ಪಾನದಾನಿಗಿ ತಾರ ಕೂಡಿಸ್ಲತ್ತಿದ್ದ. ಬಾಗಲಾ ಮುಚ್ಚಿದವ ಮಾತ್ರ ನಾ. ಅದಕ್ಕ ನಂದಷ್ಟು ನಾ ಕೇಳಿ ಬರ್ತೇನಿ."

ಟ್ರಾಮ್ ಇಳಿದು, ಕೇಳುತ್ತ ಕೇಳುತ್ತ ನಡೆದೆವು. ವಲಸೆ ಬಂದವರು ತಗಡು, ಚಾಪೆ, ಗೋಣಿಗಳಿಂದ ಕಟ್ಟಿಕೊಂಡ ಗುಡಿಸಲುಗಳ ಓಣಿ. ಒಂದು ಗುಡಿಸಲಿನ ಮುಂದೆ ನೆಲದಲ್ಲಿ ತೋಡಿದ ಸಣ್ಣ ಕುಲುಮೆ. ತಾಮ್ರದ ಪಾತ್ರೆಗಳಿಗೆ ಒಬ್ಬ ಮನುಷ್ಯ ಕಲಾಯಿ ಹಾಕುತ್ತಿದ್ದ. ನರೆತ ಗಡ್ಡ, ಮುರಿದು ಸೊಟ್ಟಗೆ ಕೂಡಿಕೊಂಡ ಎಡಗೈ. ನವಸಾಗರದ ಹೊಗೆಯ ನಡುವೆ ತಲೆಯೆತ್ತಿ ನಮ್ಮನ್ನು ನೋಡಿದ. ನೋಡಿದವನು ಎದ್ದು ನಿಲ್ಲಲಿಲ್ಲ. ಕಾಯ್ದ ಪಾತ್ರೆಯಲ್ಲಿ ತವರ ಕರಗಿತ್ತು, ಆರಿದರೆ ಕೆಟ್ಟುಹೋಗುತ್ತಿತ್ತು. ಅರಳೆಯಿಂದ ಅದನ್ನು ಒಳಗೆಲ್ಲ ಬಳಿದು, ಬೆಳ್ಳಿಯಂತೆ ಹೊಳೆಯುವ ತನಕ ಒರೆಸಿ, ನೀರಿಗೆ ಅದ್ದಿ, ಪಕ್ಕಕ್ಕಿಟ್ಟ. ಅಷ್ಟು ಹೊತ್ತೂ ಸಾವ್ಕಾರರು ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತೇ ಇದ್ದರು. ಆಮೇಲೆ ಆತ ಕೈ ಒರೆಸಿಕೊಳ್ಳುತ್ತ ಕೇಳಿದ:

"ಯಾವಾಗ ಬಂದ್ರಿ ಸಾವ್ಕಾರ್?"

ಕನ್ನಡ! ಅದೂ ನಮ್ಮ ಬೀದರಿನ ಓಣಿಯ ಕನ್ನಡ. ಐದಾರು ದಿನದಿಂದ ಸಾವ್ಕಾರರ ಬಾಯಲ್ಲಿ ಬಿಟ್ಟರೆ ಎಲ್ಲೂ ಕೇಳದ ಮಾತು ಆ ಹೊಗೆಯೊಳಗಿಂದ ಬಂದಾಗ ನನಗೇನಾಯಿತೆಂದು ಹೇಳಲಾರೆ. ಗಂಟಿಕ್ಕಿದ ಮುಖ ತಾನಾಗಿ ಸಡಿಲವಾಯಿತು. ಆಚೀಚೆಯವರು, ಇದಾವ ಭಾಷೆ ಎಂದು ಬಾಗಿಲಿಗೆ ಬಂದು ನೋಡಿದರು.

ಒಳಗೆ ಒಂದೇ ಕೋಣೆ. ನಡುವೆ ಗೋಣಿಯ ಪರದೆ. ಪರದೆಯ ಆಚೆ ಹೆಂಡತಿ ಇದ್ದಳು. ಬಳೆಯ ಸದ್ದು ಒಮ್ಮೆ ಕೇಳಿ ನಿಂತುಹೋಯಿತು. ಸಾವ್ಕಾರರು ಮಂಚದ ತುದಿಯಲ್ಲಿ ಕುಳಿತು ಚರ್ಮದ ಗಂಟು ಬಿಚ್ಚಿದರು. ಸಣ್ಣ ಸಣ್ಣ ಉಳಿಗಳು, ಒಂದು ಸುತ್ತಿಗೆ, ಕಂಪಾಸು. ಆರು ವರ್ಷ ಎಣ್ಣೆ ಹಚ್ಚಿ ಇಟ್ಟ, ಉಸ್ತಾದರ ಕೈ ಸವೆಸಿದ ಸಾಮಾನುಗಳು. ಉಸ್ತಾದ್ ಒಂದೊಂದೇ ಉಳಿಯನ್ನು ಎತ್ತಿ ಹೆಬ್ಬೆರಳಿನ ಮೇಲೆ ಅದರ ಅಲಗು ನೋಡಿದರು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದರು. ಚಿಟಿಕೆ ಮಣ್ಣು ನಾಲಿಗೆಗಿಟ್ಟು ಎಡಗಣ್ಣು ಮುಚ್ಚಿದರು. ನಮ್ಮ ಸಾವ್ಕಾರರ ಅದೇ ಭಂಗಿ! ನುಂಗಿದರು. "ಒಳ ಕ್ವಾಣಿದು," ಎಂದು ಕೋಟೆಯ ಆ ಕೋಣೆಯ ಗುರುತು ಹಿಡಿದರು.

"ಒಳ ಕ್ವಾಣಿದೇ. ನೀ ತೋರಿಸಿದ ಮೂಲಿದು," ಎಂದರು ಸಾವ್ಕಾರರು.

ಆಮೇಲೆ ಅವರು ಮಂಚದಿಂದ ಇಳಿದು ನೆಲದ ಮೇಲೆ ಕುಳಿತರು. ದೊಡ್ಡ ಆಳು ಹಾಗೆ ಕುಸಿದದ್ದು ನೋಡಿ ದಮ್ಮು ಬಂತೇನೋ ಎಂದು ನಾನು ಗಾಬರಿಯಾದೆ. "ಉಸ್ತಾದ್, ಆ ದಿನ ನಾ ಬಾಗಲದ ಹಿಂದೇ ಇದ್ದೆ. ನಿನ್ನ ದನಿ ಕೇಳ್ತು. ತೆಗೀಲಿಲ್ಲ. ನಂಗ ಮಾಫ್ ಮಾಡು," ಎಂದರು.

ಉಸ್ತಾದ್ ಉಳಿಗಳನ್ನು ಮತ್ತೆ ಗಂಟಿನೊಳಗೆ ಒಂದೊಂದಾಗಿ ಜೋಡಿಸಿಟ್ಟರು. "ನಂಗ ಕೇಳಬ್ಯಾಡ್ರಿ ಸಾವ್ಕಾರ್," ಎಂದರು. "ನನ್ನ ಕೈ ಮುರಿದಿತ್ತು. ನಮ್ಮಮ್ಮನಿಗಿ ಬೆನ್ನ ಮ್ಯಾಲ ಹೊತ್ತು ನಡದಾಕಿ ಇವಳು. ಇವಳಿಗಿ ಕೇಳ್ರಿ."

ಸಾವ್ಕಾರರು ಪರದೆಯ ಕಡೆ ತಿರುಗಿ ಕೈ ಮುಗಿದರು. ಹೊರಗೆ ಓಣಿಯಲ್ಲಿ ಯಾರೋ ನೀರಿನ ಗಾಡಿಯವನನ್ನು ಕೂಗುತ್ತಿದ್ದರು. ಎಷ್ಟೋ ಹೊತ್ತಾದ ಮೇಲೆ ಪರದೆಯ ಆಚೆಯಿಂದ ತೆಳ್ಳನೆಯ ದನಿ ಬಂತು.

"ಅಮ್ಮನ ಗೋರಿ ಅದ ಏನು?"

"ಅದರಿ ಬೀಬಿ," ಎಂದರು ಸಾವ್ಕಾರರು. "ಅದ. ಸುತ್ತ ನಾಕು ಕಲ್ಲ ಇಡಿಸೇನಿ. ತಲಿ ಕಡಿ ಒಂದು ಬೇವಿನ ಗಿಡ ಹಚ್ಚೇನಿ. ಗುರುವಾರ ಗುರುವಾರ ಹೋಗಿ ನೀರ ಹಾಕಿ ಬರ್ತೇನಿ. ಈಗ ನನ್ನ ಎತ್ತರ ಬೆಳದದ."

ಆಗ ನನಗೆ ಆ ಗುರುವಾರಗಳೂ ಆ ತಂಬಿಗೆಯೂ ತಿಳಿದವು.

ಪರದೆಯ ಆಚೆ ಅವಳು ಅತ್ತಳೋ ಇಲ್ಲವೋ ಗೊತ್ತಿಲ್ಲ. ಸ್ವಲ್ಪ ಹೊತ್ತಿಗೆ ಹಿಟ್ಟು ನಾದುವ ಸದ್ದು, ರೊಟ್ಟಿ ಬಡಿಯುವ ಸದ್ದು ಕೇಳಿತು. "ಉಂಡು ಹೋಗ್ಲಿಕ್ಕಿ ಹೇಳ್ರಿ," ಎಂದು ಗಂಡನಿಗೆ ಹೇಳಿದಳು. ಅಷ್ಟೇ.

ಜೋಳದ ರೊಟ್ಟಿ, ಹುಣಸೆಹುಳಿ ಹಿಂಡಿದ ಬೇಳೆ, ಒಂದು ಉಳ್ಳಾಗಡ್ಡಿ. ಜಾತಿಸ್ಥರ ಮನೆಯಲ್ಲೂ ನೀರು ಬಿಟ್ಟರೆ ಏನೂ ಮುಟ್ಟದ ಸಾವ್ಕಾರರು ಆ ನೆಲದ ಮೇಲೆ ಕುಳಿತು, ಒಂದು ತುಣುಕೂ ಬಿಡದೆ ಎರಡು ರೊಟ್ಟಿ ಉಂಡರು. ನಾನು ಮೊದಲ ತುತ್ತು ಮುರಿದು ಕೈಯಲ್ಲೇ ಹಿಡಿದುಕೊಂಡು ಕೂತಿದ್ದೆ. ಉಸ್ತಾದ್ ನನ್ನ ಕಡೆ ನೋಡಿ, "ಯಾವೂರು ತಮ್ಮಾ ನಿಂದು?" ಎಂದರು. ಭಾಲ್ಕಿ ಎಂದೆ. "ಭಾಲ್ಕಿ ಕಡಿ ಜ್ವಾಳ ಇದಕ್ಕಿಂತ ಸಿಹಿ. ಇದು ಸ್ವಲ್ಪ ಒರಟದ, ಹೊಂದಿಸ್ಕೊ," ಎಂದರು. ಉಂಡೆ.

ಹೊರಡುವ ಮುಂಚೆ ಸಾವ್ಕಾರರು ನನ್ನಿಂದ ಒಂದು ಚೀಟಿ ಬರೆಸಿದರು. ಅಂಗಡಿಯ ಮಾಲಕರಿಗೆ, ಉರ್ದುವಿನಲ್ಲಿ. 'ಈ ಚೀಟಿ ತರುವವರು ನನಗೆ ಕೆಲಸ ಕಲಿಸಿದವರು. ಇವರ ಬಳಿ ಬೀದರ ಕೋಟೆಯ ಮಣ್ಣಿದೆ, ಸಾಮಾನಿದೆ. ಈ ಸಲದ ಬೇಡಿಕೆ ನಾನು ಪೂರೈಸುತ್ತೇನೆ. ಮುಂದಿನದನ್ನು ಇವರಿಂದ ಮಾಡಿಸಿಕೊಳ್ಳಿ. ನನ್ನ ಮಾಲಿಗಿಂತ ಚೆನ್ನಾಗಿರುತ್ತದೆ.'

ನಾನು ಬರೆಯುತ್ತಿದ್ದ ಕೈ ನಿಲ್ಲಿಸಿ ಕನ್ನಡದಲ್ಲಿ ಪಿಸುಗುಟ್ಟಿದೆ: "ಸಾವ್ಕಾರ್ರೀ, ಮತ್ತ ನಾವು ಸಮುದ್ರ ದಾಟಿ ಬಂದಿದ್ದು ಯಾಕ್ರಿ?" ಪಿಸುಗುಟ್ಟಿ ಏನು ಬಂತು, ಆ ಮನೆಯವರಿಗೆಲ್ಲ ಕನ್ನಡ ಬರುತ್ತಿತ್ತು. ನಾಚಿಕೆಯಿಂದ ತಲೆ ತಗ್ಗಿಸಿದೆ.

"ಇದಕ್ಕೇ ಬಂದೀವಿ," ಎಂದರು ಸಾವ್ಕಾರರು. "ಬರಿ. ದನಿ ಮೆತ್ತಗಿರಲಿ."

ತಿರುಗಿ ಟ್ರಾಮ್ ಹತ್ತಿದಾಗ ಹೊರಗೆ ಇನ್ನೂ ಬೆಳಕಿತ್ತು. ಕಡಲಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ಬಹಳ ಹೊತ್ತಿನ ಮೇಲೆ ಅವರು, "ಮಾಫ್ ಅಂತ ಅನಲಿಲ್ಲ, ಅಲ್ಲ?" ಎಂದರು.

"ಉಣ್ಲಿಕ್ಕಿ ಹಾಕಿದ್ರಲ್ರಿ."

"ಮನಿಗಿ ಬಂದವರಿಗಿ ಯಾರಾದ್ರೂ ಹಾಕ್ತಾರ ತಮ್ಮಾ. ಅದು ಬ್ಯಾರೆ," ಎಂದರು.

ಊರಿಗೆ ಬಂದ ಮೇಲೆ ರಜೆ ಹಾಕಿ ಭಾಲ್ಕಿಗೆ ಹೋದೆ. ಶಾಲೂ ಇಲ್ಲ, ಬಳೆಯೂ ಇಲ್ಲ. ಅಪ್ಪನಿಗೆ ಆ ಸಂಜೆಯ ಸುದ್ದಿಯನ್ನೆಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಹೊರಸಿನ ಹಗ್ಗ ಬಿಗಿಯುತ್ತ ಎಲ್ಲ ಕೇಳಿಸಿಕೊಂಡು, ಕೊನೆಗೆ, "ರೊಟ್ಟಿ ನಮ್ಮಂಗೇ ಇತ್ತೇನು?" ಎಂದು ಕೇಳಿದರು.

"ನಮ್ಮಂಗೇ ಇತ್ತಪ್ಪ."

"ಹ್ಞೂಂ," ಎಂದು ಇನ್ನೊಂದು ಹಗ್ಗ ಎಳೆದರು. ಆ ಸುದ್ದಿಯ ಬಗ್ಗೆ ಅವರು ಆಡಿದ್ದು ಅಷ್ಟೇ ಮಾತು. ಆದರೆ ನನ್ನ ಸಿಟ್ಟು ಮುಂಚಿನಂತೆ ಕಂಡಕಂಡವರ ಮೇಲೆ ಹರಿಯುವುದು ಅಂದಿನಿಂದ ನಿಂತಿತು. ಅದಕ್ಕೆ ಆಮೇಲೆ ಅಂಗಡಿ ಸುಟ್ಟವನದೇ ಮುಖ ಬೇಕಾಯಿತು, ಆ ಮುಖ ನನ್ನ ಬಳಿ ಇರಲಿಲ್ಲ.

ಕರಾಚಿಯ ಬೇಡಿಕೆಯನ್ನು ಪೂರೈಸಿದೆವು. ಒಂದೂವರೆ ವರ್ಷದ ಬಳಿಕ ಅಲ್ಲಿಂದ ಕಾಗದ ಬಂತು: ಇಲ್ಲಿಯೇ ಉತ್ತಮ ಕೆಲಸಗಾರರು ದೊರೆತಿರುವುದರಿಂದ ಇನ್ನು ಮುಂದೆ ನಿಮ್ಮಿಂದ ತರಿಸುವ ಅಗತ್ಯವಿಲ್ಲ, ಕ್ಷಮಿಸಿ. ಓದಿ ಹೇಳುವಾಗ ನನ್ನ ದನಿ ಕುಗ್ಗಿತು. ಸಾವ್ಕಾರರು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳಿದರು. "ಇನ್ನೊಮ್ಮಿ ಓದು," ಎಂದರು. ಓದಿದೆ. "ಕೆಲಸಗಾರರು ಅಂತ ಬರದಾರ, ಒಬ್ಬ ಅಂತ ಬರದಿಲ್ಲ. ನಾಕು ಮಂದಿಗಿ ಕಲಿಸ್ಯಾನ ಮಗ!" ಎಂದು ತೊಡೆ ತಟ್ಟಿ ನಕ್ಕರು. ನಗು ಕೆಮ್ಮಾಯಿತು. ಅವ್ವಾರು ನೀರು ತಂದುಕೊಟ್ಟರು. ಕಾರಖಾನೆಯವರಿಗೆ ಕೆಲಸ ಕಡಿಮೆಯಾಗಬಾರದೆಂದು ಆ ವರ್ಷವೆಲ್ಲ ದಿಲ್ಲಿ, ಕಲಕತ್ತೆಯೆಂದು ನನ್ನಿಂದ ಎಷ್ಟು ಕಾಗದ ಬರೆಸಿದರೋ! ಬೆರಳು ಬಾತುಹೋಗಿದ್ದವು. ಒಬ್ಬರನ್ನೂ ಮನೆಗೆ ಕಳಿಸಲಿಲ್ಲ.

ಹೈದರಾಬಾದ್ ರಾಜ್ಯ ಒಡೆದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿದರು. ದಮ್ಮು ಏರಿದಾಗ ಮಾತು ಬರುತ್ತಿರಲಿಲ್ಲ. ಒಂದು ಗುರುವಾರ ಕೈಸನ್ನೆ ಮಾಡಿ ತಂಬಿಗೆ ತೋರಿಸಿದರು. ನಾನು ಹೋಗಿ ಬೇವಿನ ಗಿಡಕ್ಕೆ ನೀರು ಹಾಕಿ ಬಂದೆ. ಬಂದು ಹೇಳಿದಾಗ ನನ್ನ ಮುಂಗೈ ಹಿಡಿದು ಒತ್ತಿದರು. ನಾಲ್ಕು ದಿನ ಬಿಟ್ಟು ಬೆಳಗಿನ ಹೊತ್ತು ಹೋಗಿಬಿಟ್ಟರು.

ಕರಾಚಿಗೆ ಸುದ್ದಿ ಬರೆದವನು ನಾನೇ. ದಿನಕರ್ಮಗಳೆಲ್ಲ ಮುಗಿದು ತಿಂಗಳಾದ ಮೇಲೆ ಉತ್ತರ ಬಂತು. ಸಾವ್ಕಾರರಿಗೆ ಓದಿ ಹೇಳುತ್ತಿದ್ದ ಜಾಗದಲ್ಲೇ, ಅವರ ಗಾದಿಯ ಪಕ್ಕದಲ್ಲಿ ಕುಳಿತು ಅವ್ವಾರಿಗೆ ಓದಿದೆ. ಉಸ್ತಾದ್ ಯಾರಿಂದಲೋ ಬರೆಸಿದ್ದರು. ಸಾವ್ಕಾರರ ಆತ್ಮಕ್ಕೆ ಶಾಂತಿ ಕೋರಿ ಎರಡು ಸಾಲು. ಆಮೇಲೆ: 'ನಿಮ್ಮ ಕಾಗದ ಬಂದ ದಿನ ನನ್ನ ಹೆಂಡತಿ ಒಲೆ ಹಚ್ಚಲಿಲ್ಲ. ನಮ್ಮ ಮನೆಯ ಹಿರಿಯರು ಹೋದಾಗ ಹೇಗೋ ಹಾಗೆ, ನೆರೆಯವರು ತಂದುಕೊಟ್ಟದ್ದನ್ನು ತಿಂದೆವು. ಅಂದು ನಿಮ್ಮ ಸಾವ್ಕಾರರು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲವೆಂದು ಅವಳು ಅಳುತ್ತಾಳೆ. ಉತ್ತರ ಆ ದಿನವೇ ಇತ್ತು, ನಾಲಿಗೆಗೆ ಬರಲಿಲ್ಲ ಎಂದು ಬರೆಯಲು ಹೇಳಿದ್ದಾಳೆ.'

ಕಾಗದ ಮಡಿಸಿದೆ. ಸಾವ್ಕಾರರು ಇದ್ದಾಗಲೇ ಬಂದಿದ್ದರೆ ಈ ಮಾತನ್ನು ಅವರಿಗೆ ಎರಡೆರಡು ಸಲ ಓದಿ ಹೇಳುತ್ತಿದ್ದೆ. ತಲೆ ಎತ್ತಿದರೆ ಅವ್ವಾರು ಬಾಗಿಲಿನ ಕಡೆ ನೋಡುತ್ತಿದ್ದರು.

"ಆ ದಿನದ್ದು ಇವರು ಹ್ಯಾಂಗ ಹೇಳಿದ್ರು ಅವರ ಮುಂದ?" ಎಂದು ಕೇಳಿದರು.

"ಬಾಗಲಾ ನಾ ತೆಗೀಲಿಲ್ಲ ಅಂದ್ರು, ಅವ್ವಾರೇ."

"ನಿನ್ನ ಮುಂದ?"

"ನನ್ನ ಮುಂದೂ ಅದೇ ಹೇಳಿದ್ರಿ."

ಅವ್ವಾರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ತೆಗೆದಾಗ ದನಿ ಗಟ್ಟಿಯಾಗಿಯೇ ಇತ್ತು.

"ಇವರು ತೆಗೀಲಿಕ್ಕಿ ಹೋಗಿದ್ರು. ಅಗಳಿ ಅರ್ಧ ಸರಿಸಿದ್ರು. ನಾ ಅವರ ಕೈ ಹಿಡದು ನಮ್ಮ ನಾಕು ಕೂಸು ತೋರ್ಸಿದೆ. ಅಗಳಿ ತಿರಿಗಿ ಹಾಕ್ದಾಕಿ ನಾ. ಇಷ್ಟು ವರ್ಷ ಒಂದು ದಿನಾನೂ ನೀ ಹಾಕಿದಿ ಅಂತ ಅನಲಿಲ್ಲ ಇವರು. ಜಗಳಾಡಿದಾಗೂ ಅನಲಿಲ್ಲ."

ಅವರು ಗಾದಿಯ ಕಡೆಗೆ ಸರಿದು, ಸಾವ್ಕಾರರ ಕಾಗದದ ಹಲಗೆಯನ್ನು ತಾವೇ ಎತ್ತಿ ನನ್ನ ಮುಂದಿಟ್ಟರು.

"ಬರಿ ತಮ್ಮಾ," ಎಂದರು. "ಆಕಿಗಿ ಬರಿ, ಉಸ್ತಾದನ ಹೆಂಡ್ತಿಗಿ. ನಾ ಹೇಳ್ತೇನಿ, ಹ್ಯಾಂಗ ಹೇಳ್ತೇನಿ ಹಂಗೇ ಬರಿ. ಮೆತ್ತಗ ಮಾಡಬ್ಯಾಡ."

ಬರೆದೆ.